ಚಾವಡಿಯ ಮಾತು: ಆಟವನ್ನು ಊರಿಗೆ ಕೇಳಿಸುವ ಮುನ್ನ

ಒಳಮನೆಯಲ್ಲಿ ಆಡಿದ ಮಾತಿಗೂ ಜಗಲಿಯಲ್ಲಿ ಆಡಿದ ಮಾತಿಗೂ ಅಂತರವುಂಟೆಂಬುದನ್ನು ಸಂಸಾರಿಗಳಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಒಳಗೆ ಆಡಿದುದು ಮನೆಯವರ ಸ್ವತ್ತು. ಜಗಲಿಯಲ್ಲಿ ಆಡಿದುದು ಹಾದಿಹೋಕರ ಸ್ವತ್ತು. ಆದರೆ ಈಗಿನ ಕಾಲದಲ್ಲಿ ಈ ಎರಡಕ್ಕೂ ನಡುವಣ ಬಾಗಿಲು ಬಹಳ ತೆಳ್ಳಗಾಗಿದೆ. ಅಂಗೈಯಗಲದ ಯಂತ್ರವೊಂದು ಮೇಜಿನ ಮೇಲಿದ್ದರೆ ಸಾಕು, ಮಹಡಿಯ ಕೋಣೆಯಲ್ಲಿ ನಾಲ್ವರು ಆಡಿದ ಮಾತು ನಾಳೆ ನಾಲ್ಕು ದೇಶಗಳಲ್ಲಿ ಕೇಳಿಸಬಹುದು. ಈ ವಿಚಾರವನ್ನು ಈ ತಿಂಗಳು ಎತ್ತಿಕೊಳ್ಳಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ಕಾರಣವಾಯಿತು. ಅದರಲ್ಲಿ ತಪ್ಪು ನಮ್ಮದಾದುದರಿಂದ ಹೇಳಲು ಸಂಕೋಚವುಂಟು. ಆದರೂ ಒಬ್ಬರ ತಪ್ಪು ಹತ್ತು ಮನೆಗಳಿಗೆ ಎಚ್ಚರಿಕೆಯಾಗುವುದಾದರೆ ಸಂಕೋಚವನ್ನು ಬದಿಗಿಡುವುದೇ ಸರಿಯೆಂದು ತೋರಿತು.

ನಮ್ಮ ಹಿರಿಯ ಮಗನೂ ಅವನ ನಾಲ್ವರು ಗೆಳೆಯರೂ ಎರಡು ವರ್ಷಗಳಿಂದ ಭಾನುವಾರದ ಮಧ್ಯಾಹ್ನಗಳಲ್ಲಿ ನಮ್ಮ ಮಹಡಿಯ ಕೋಣೆಯಲ್ಲಿ ಸೇರಿ ಒಂದು ಆಟವನ್ನಾಡುತ್ತಾರೆ. ಮೊದಲ ದಿನ ಮೇಲಿನಿಂದ ದಾಳಗಳು ಉರುಳುವ ಸದ್ದು ಕೇಳಿ ನಾವು ಬೆಚ್ಚಿದೆವು. ದಾಳವೆಂದೊಡನೆ ಧರ್ಮರಾಯನ ನೆನಪು ಬಾರದ ಮನೆ ನಮ್ಮ ನಾಡಿನಲ್ಲಿ ಯಾವುದು? ಮೆಟ್ಟಲೇರಿ ಹೋಗಿ ನೋಡಿದರೆ ಅಲ್ಲಿ ಪಣವೂ ಇರಲಿಲ್ಲ, ಹಣವೂ ಇರಲಿಲ್ಲ. ಒಬ್ಬನು ಕತೆ ಹೇಳುತ್ತಿದ್ದನು. ಉಳಿದ ನಾಲ್ವರೂ ಆ ಕತೆಯೊಳಗಿನ ಜನರಾಗಿ ಮಾತನಾಡುತ್ತಿದ್ದರು. ಗೆದ್ದವರು ಯಾರು, ಸೋತವರು ಯಾರು ಎಂದು ಕೇಳಿದೆವು. ಈ ಆಟದಲ್ಲಿ ಹಾಗೆ ಯಾರೂ ಗೆಲ್ಲುವುದಿಲ್ಲ, ಕತೆ ಮುಂದುವರಿಯುತ್ತದೆ ಅಷ್ಟೆ, ಎಂದು ಮಗನು ಉತ್ತರವಿತ್ತನು.

ಈ ಬಗೆಯ ಆಟಕ್ಕೆ ಹೊರನಾಡಿನಲ್ಲಿ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಪಾತ್ರವಹಿಸಿ ಆಡುವ ಆಟವೆಂದು ನಾವು ಹೇಳಬಹುದು. ಇವುಗಳಲ್ಲಿ ಮೊದಲನೆಯದಾಗಿ ಅಚ್ಚಾಗಿ ಮಾರಾಟಕ್ಕೆ ಬಂದುದು ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬುದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಿಸನ್ ಎಂಬಿಬ್ಬರು ಇದನ್ನು ರಚಿಸಿ ೧೯೭೪ರಲ್ಲಿ ಪ್ರಕಟಿಸಿದರು. ಸಣ್ಣದೊಂದು ಪೆಟ್ಟಿಗೆಯಲ್ಲಿ ಮೂರು ಚಿಕ್ಕ ಪುಸ್ತಕಗಳು. ಮೊದಲ ಮುದ್ರಣ ಒಂದು ಸಾವಿರ ಪ್ರತಿಗಳು ಮಾತ್ರ. ಅದಕ್ಕೆ ಹಿಂದೆ ಅವರಿಬ್ಬರೂ ಸೀಸದ ಸಿಪಾಯಿಗಳನ್ನು ಮೇಜಿನ ಮೇಲೆ ನಡೆಯಿಸಿ ಯುದ್ಧದಾಟ ಆಡುತ್ತಿದ್ದವರು. ಇಡೀ ದಂಡನ್ನು ನಡೆಯಿಸುವುದರ ಬದಲು ಒಬ್ಬೊಬ್ಬರು ಒಬ್ಬನೇ ವ್ಯಕ್ತಿಯಾಗಿ ಆಡಿದರೆ ಹೇಗೆ ಎಂಬ ಯೋಚನೆಯಿಂದ ಈ ಹೊಸ ಆಟ ಹುಟ್ಟಿತು.

ಆಡುವ ಕ್ರಮ ಸರಳವಾದುದು. ಒಬ್ಬನು ಸೂತ್ರಧಾರ. ಎದುರಿಗೆ ತುಂಬಿ ಹರಿಯುವ ಹೊಳೆಯುಂಟು, ಆಚೆ ದಡದಲ್ಲಿ ದೀಪ ಕಾಣುತ್ತದೆ, ಏನು ಮಾಡುವಿರಿ ಎಂದು ಅವನು ಕೇಳುತ್ತಾನೆ. ಒಬ್ಬನು ಈಜುವೆನೆನ್ನುತ್ತಾನೆ, ಇನ್ನೊಬ್ಬಳು ದೋಣಿ ಹುಡುಕುವೆನೆನ್ನುತ್ತಾಳೆ. ಫಲ ಸಂದೇಹವಾಗಿದ್ದಾಗ ಇಪ್ಪತ್ತು ಮುಖಗಳ ದಾಳವೊಂದನ್ನು ಉರುಳಿಸುತ್ತಾರೆ. ಬಿದ್ದ ಸಂಖ್ಯೆಗೆ ಆ ಪಾತ್ರದ ಸಾಮರ್ಥ್ಯಕ್ಕೆ ಗೊತ್ತುಮಾಡಿದ ಅಂಕಿಯನ್ನು ಕೂಡಿಸಿ, ಮೊತ್ತವು ಬೇಕಾದಷ್ಟಾದರೆ ಕಾರ್ಯ ಕೈಗೂಡಿತು. ಇಲ್ಲವಾದರೆ ಕತೆ ಬೇರೊಂದು ದಾರಿ ಹಿಡಿಯಿತು.

ನಮ್ಮ ಕರಾವಳಿ ಮಲೆನಾಡುಗಳ ಓದುಗರಿಗೆ ಇದನ್ನು ಕೇಳಿದೊಡನೆ ತಾಳಮದ್ದಳೆ ನೆನಪಾಗುವುದು ಸಹಜ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ; ಅರ್ಥಧಾರಿಗಳು ಕುಳಿತಲ್ಲಿಯೇ ಕರ್ಣನಾಗಿಯೋ ಕೃಷ್ಣನಾಗಿಯೋ ಆಶುವಾಗಿ ಮಾತನಾಡುತ್ತಾರೆ; ಭಾಗವತನು ಪದ ಹೇಳಿ ಪ್ರಸಂಗವನ್ನು ನಡೆಯಿಸುತ್ತಾನೆ. ಭೇದವಿಷ್ಟೆ: ತಾಳಮದ್ದಳೆಯಲ್ಲಿ ಕತೆಯ ಕೊನೆ ಎಲ್ಲರಿಗೂ ಗೊತ್ತು, ಮಾತಿನ ಸೊಗಸು ಮಾತ್ರ ಹೊಸದು, ಈ ಆಟದಲ್ಲಿ ಕೊನೆ ಏನೆಂಬುದು ಸೂತ್ರಧಾರನಿಗೂ ಗೊತ್ತಿಲ್ಲ. ಇನ್ನೊಂದು ಭೇದವನ್ನೂ ಮರೆಯಲಾಗದು. ತಾಳಮದ್ದಳೆ ಸಭೆಗಾಗಿಯೇ ನಡೆಯುವುದು. ಈ ಆಟ ಆಡುವವರಿಗಾಗಿಯೇ ಹುಟ್ಟಿದುದು.

ಹಾಗಿದ್ದರೂ ಇದಕ್ಕೆ ಸಭೆ ಕೂಡಿಬಂದುದು ಪಾಡ್‌ಕಾಸ್ಟಿನ ಮೂಲಕ. ಪಾಡ್‌ಕಾಸ್ಟ್ ಎಂಬ ಪದ ೨೦೦೪ರಲ್ಲಿ ಬಳಕೆಗೆ ಬಂದಿತು. ಬೇಕಾದಾಗ ಬೇಕಾದವರು ತಮ್ಮ ಫೋನಿನಲ್ಲಿಯೇ ತೆರೆದು ಕೇಳಬಹುದಾದ, ಕಂತುಕಂತಾಗಿ ಬರುವ ಧ್ವನಿಕಾರ್ಯಕ್ರಮವೇ ಅದು. ೨೦೧೪ರಲ್ಲಿ ಅಮೆರಿಕದ ಮೆಕೆಲ್‌ರಾಯ್ ಮನೆತನದ ಮೂವರು ಅಣ್ಣತಮ್ಮಂದಿರು ತಮ್ಮ ತಂದೆಯನ್ನೂ ಕೂಡಿಸಿಕೊಂಡು ಆಡಿದ ಆಟವನ್ನು ದಿ ಅಡ್ವೆಂಚರ್ ಜೋನ್ ಎಂಬ ಹೆಸರಿನಿಂದ ಹೊರತಂದರು. ತಂದೆ ಕ್ಲಿಂಟ್ ಬಹುಕಾಲ ರೇಡಿಯೋದಲ್ಲಿ ಕೆಲಸ ಮಾಡಿದವರು. ಕಿರಿಯ ಮಗ ಗ್ರಿಫಿನ್ ಸೂತ್ರಧಾರ. ಅವರ ಮೊದಲ ಕತೆ ೨೦೧೭ರಲ್ಲಿ ಮುಗಿಯಿತು. ಮರುವರ್ಷ ಅದರ ಮೊದಲ ಭಾಗ ಚಿತ್ರಕಥೆಯ ಪುಸ್ತಕವಾಯಿತು. ಲಾಸ್ ಏಂಜಲಿಸ್ ಕಡೆಯ ಕೆಲವು ಕಂಠದಾನ ಕಲಾವಿದರು ಗೆಳೆಯನೊಬ್ಬನ ಹುಟ್ಟುಹಬ್ಬಕ್ಕೆಂದು ೨೦೧೨ರಲ್ಲಿ ಮನೆಯಲ್ಲಿ ತೊಡಗಿದ ಆಟವು ೨೦೧೫ರಲ್ಲಿ ಕ್ರಿಟಿಕಲ್ ರೋಲ್ ಎಂಬ ಹೆಸರಿನಿಂದ ಎಲ್ಲರ ಮುಂದೆ ಬಂದಿತು. ಆ ಕತೆಯ ಚಲಿಸುವ ಚಿತ್ರಕ್ಕಾಗಿ ೨೦೧೯ರಲ್ಲಿ ಕೇಳುಗರೇ ಕೊಟ್ಟ ಚಂದಾ ಒಂದು ಕೋಟಿ ಹದಿಮೂರು ಲಕ್ಷ ಡಾಲರುಗಳಿಗೆ ಮಿಕ್ಕಿತು. ಇಂತಹ ಸುದ್ದಿಗಳನ್ನು ಕೇಳಿದ ಹುಡುಗರಿಗೆ ನಾವೂ ಏಕೆ ಮಾಡಬಾರದೆಂಬ ಆಸೆ ಹುಟ್ಟಿದರೆ ಅವರನ್ನು ದೂರುವಂತಿಲ್ಲ.

ಮನೆಯಿಂದಲೇ ಊರಿಗೆ ಧ್ವನಿಯನ್ನು ಕಳುಹಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಸ್ವಂತ ಮನೆಯಲ್ಲಿಯೇ ಸಣ್ಣದೊಂದು ರೇಡಿಯೋ ಕೇಂದ್ರವನ್ನು ಸ್ಥಾಪಿಸಿದರು. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋವಿನ ಹೆಸರಾಯಿತು. ನಮ್ಮ ಮಗನು ಪಾಡ್‌ಕಾಸ್ಟಿನ ಮಾತೆತ್ತಿದಾಗ ನಾವು ಈ ಸಂಗತಿಯನ್ನು ಅವನಿಗೆ ಹೆಮ್ಮೆಯಿಂದ ಹೇಳಿ ಹುರಿದುಂಬಿಸಿದೆವು. ಒಂದು ಮೈಕ್ರೋಫೋನನ್ನೂ ಕೊಡಿಸಿದೆವು.

ಮೊದಲ ದಿನದ ಧ್ವನಿಮುದ್ರಣ ನಗೆಪಾಟಲಾಯಿತು. ಫ್ಯಾನಿನ ಗರಗರ ಶಬ್ದವೇ ಎಲ್ಲರ ಮಾತಿಗಿಂತ ಮುಂದೆ ನಿಂತಿತು. ರಾಕ್ಷಸನ ಗುಹೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ನಮ್ಮ ಅಡಿಗೆಮನೆಯ ಕುಕ್ಕರು ಮೂರು ಸಲ ಕೂಗಿತು. ಅದಕ್ಕಿಂತ ಸೂಕ್ಷ್ಮವಾದ ಬೇರೊಂದು ದೋಷವಿತ್ತು. ಎಂದೂ ಕಡಿಮೆ ಮಾತಿನ ಹುಡುಗಿ ಇನ್ನಷ್ಟು ಮೌನವಾದಳು. ಎಂದೂ ಹೆಚ್ಚು ಮಾತಿನ ಹುಡುಗನು ಕಾಣದ ಸಭಿಕರನ್ನು ನಗಿಸಹೊರಟನು. ಯಂತ್ರವು ಕೋಣೆಯೊಳಕ್ಕೆ ಬಂದೊಡನೆ ಐವರ ನಡುವೆ ಆರನೆಯವನೊಬ್ಬ ಬಂದು ಕುಳಿತಂತಾಗಿತ್ತು. ನಾಲ್ಕಾರು ವಾರಗಳಾದ ಮೇಲೆ ಅವರು ಅದನ್ನು ಮರೆತು ಮೊದಲಿನಂತೆಯೇ ಆಡತೊಡಗಿದರು. ಕಷ್ಟ ಬಂದುದು ಆಗಲೇ.

ಆ ಐವರಲ್ಲಿ ಒಬ್ಬ ಹುಡುಗನು ಕತೆಯಲ್ಲಿ ಅಂಬಿಗನ ಪಾತ್ರವನ್ನು ವಹಿಸಿದ್ದನು. ಒಂದು ಭಾನುವಾರ, ಊರು ಬಿಟ್ಟು ಬಂದುದೇಕೆಂದು ಕತೆಯ ರಾಣಿ ಅಂಬಿಗನನ್ನು ಕೇಳಿದಳು. ಅಂಬಿಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಂದೆ ಸಾಲಗಾರರಿಗೆ ಹೆದರಿ ಒಂದು ರಾತ್ರಿ ಮನೆ ಬಿಟ್ಟು ಹೋದುದನ್ನೂ, ಹಡಗಿನ ಕೆಲಸಕ್ಕೆ ಹೋಗಿರುವನೆಂದು ತಾಯಿ ಊರವರಿಗೆ ಹೇಳುತ್ತ ಬಂದುದನ್ನೂ ಹೇಳಿದನು. ಮೇಜಿನ ಸುತ್ತ ಯಾರೂ ಮಾತನಾಡಲಿಲ್ಲವಂತೆ. ಗೆಳೆಯರಿಗೆ ಅರ್ಥವಾಯಿತು, ಆದರೆ ಕತೆಯನ್ನು ನಿಲ್ಲಿಸದೆ, ರಾಣಿಯ ಬಾಯಿಂದಲೇ ಅವನಿಗೆ ಎರಡು ಒಳ್ಳೆಯ ಮಾತುಗಳನ್ನು ಹೇಳಿಸಿದರು. ಎರಡು ವರ್ಷಗಳಲ್ಲಿ ಅದಕ್ಕಿಂತ ಒಳ್ಳೆಯ ಆಟ ನಡೆದಿರಲಿಲ್ಲವೆಂದು ಎಲ್ಲರೂ ಒಪ್ಪಿದರು. ಆ ಉತ್ಸಾಹದಲ್ಲಿಯೇ ಅದು ಮೊದಲ ಕಂತಾಗಿ ಪ್ರಕಟವಾಯಿತು. ಪ್ರಕಟಿಸೋಣವೆ ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದ್ದರು; ಎಲ್ಲರೂ ಹೂಂ ಎಂದಿದ್ದರು. ನಾಲ್ವರು ಹೂಂ ಎಂದ ಕಡೆ ಐದನೆಯವನು ಊಹೂಂ ಎನ್ನುವುದು ಎಷ್ಟು ಕಷ್ಟವೆಂಬುದು ಹಿರಿಯರಾದ ನಮಗೆ ಹೊಳೆಯಬೇಕಾಗಿತ್ತು.

ಹೊಳೆಯದುದು ಮಾತ್ರವಲ್ಲ, ಮಗನ ಮೇಲಿನ ಹೆಮ್ಮೆಯಿಂದ ಅದರ ಕೊಂಡಿಯನ್ನು ನಮ್ಮ ಬಂಧುಗಳ ವಾಟ್ಸಾಪ್ ಗುಂಪಿಗೆ ಕಳುಹಿಸಿದವರು ನಾವೇ. ಅಲ್ಲಿಂದ ಅದು ಬೇರೊಂದು ಗುಂಪಿಗೆ ಹೋಯಿತು. ಅಲ್ಲಿ ಆ ಹುಡುಗನ ಧ್ವನಿಯನ್ನು ಗುರುತು ಹಿಡಿದವರೊಬ್ಬರಿದ್ದರು. ಮದುವೆಯ ಮನೆಯೊಂದರಲ್ಲಿ, ಪಂಕ್ತಿಯಲ್ಲಿ ಕುಳಿತ ಹುಡುಗನ ತಾಯಿಯನ್ನು ಯಾರೋ ಕೇಳಿದರಂತೆ: "ಏನಮ್ಮಾ, ನಿಮ್ಮ ಯಜಮಾನರ ಹಡಗು ಇನ್ನೂ ದಡ ಸೇರಲಿಲ್ಲವೆ?"

ಮುಂದಿನ ಮೂರು ಭಾನುವಾರಗಳು ಆ ಹುಡುಗನು ಬರಲಿಲ್ಲ. ನಾಲ್ಕು ಸಲ ಫೋನು ಮಾಡಿದ ಮೇಲೆ ನಮ್ಮ ಮಗನಿಗೆ ಅವನಿತ್ತ ಉತ್ತರ ಇಷ್ಟೆ: "ಆ ಮಾತು ಮೇಜಿನ ಮುಂದಿದ್ದ ನಿಮಗೆ ಹೇಳಿದ್ದು ಕಣೋ. ಊರಿಗೆ ಹೇಳಿದ್ದಲ್ಲ." ಮಗನು ಆ ಕಂತನ್ನು ಅಂದೇ ತೆಗೆದುಹಾಕಿದನು. ಆದರೆ ಚೆಲ್ಲಿದ ಹಾಲನ್ನು ಬಳಿದುಕೊಳ್ಳುವುದೆಂತು? ನಾವು ತೆಗೆದರೂ, ಅಷ್ಟರಲ್ಲಿ ತಮ್ಮ ಫೋನಿಗೆ ಇಳಿಸಿಕೊಂಡವರ ಬಳಿ ಅದು ಉಳಿದೇ ಇರುತ್ತದೆ. ಪಾಡ್‌ಕಾಸ್ಟಿನ ವಿಷಯದಲ್ಲಿ ಹೊಸಬರು ಎಲ್ಲಕ್ಕೂ ಮೊದಲು ಅರಿಯತಕ್ಕ ಮಾತು ಇದೇ.

ನಾವು ಆ ತಾಯಿಯನ್ನು ಕಾಣಲು ಹೋದೆವು. ಕಾಫಿ ಕೊಟ್ಟರು, ನಮ್ಮ ಕ್ಷಮಾಪಣೆಯನ್ನು ತಲೆತಗ್ಗಿಸಿ ಕೇಳಿದರು. ಬಳಿಕ, "ನನ್ನ ಮಗ ಮನೆಯಲ್ಲಿ ಈ ವಿಷಯ ಒಂದು ದಿನವೂ ಆಡಿದವನಲ್ಲ. ಅವನಿಗೆ ಇಷ್ಟು ನೋವಿದೆಯೆಂದು ನನಗೆ ಗೊತ್ತಾಗಿದ್ದು ನಿಮ್ಮ ಆಟದಿಂದ. ಅವನನ್ನು ಆಟಕ್ಕೆ ಕರೆಸಿಕೊಳ್ಳಿ, ಆ ಯಂತ್ರವನ್ನು ಮಾತ್ರ ಸ್ವಲ್ಪ ದಿವಸ ಎತ್ತಿಡಿ" ಎಂದರು. ಹಾಗೆಯೇ ಮಾಡಿದೆವು. ನಾಲ್ಕನೆಯ ಭಾನುವಾರ ಅವನು ಬಂದನು. ಒಂದೂವರೆ ತಿಂಗಳು ಯಂತ್ರವಿಲ್ಲದೆ ಆಟ ನಡೆಯಿತು. ಆ ಮೇಲೆ ಐವರೂ ಕುಳಿತು ನಿಯಮಗಳನ್ನು ಬರೆದುಕೊಂಡು ಮತ್ತೆ ತೊಡಗಿದರು. ಈ ಸಂಗತಿಯನ್ನು ಇಲ್ಲಿ ಬರೆಯುವ ಮೊದಲು ತಾಯಿಗೂ ಮಗನಿಗೂ ಓದಿ ಹೇಳಿದೆವು. ಕೆಲವು ವಿವರಗಳನ್ನು ಬದಲಾಯಿಸಿ, ಎರಡು ಕಡೆ ಹೊಡೆದುಹಾಕಿಸಿದರು. ಉಳಿದುದು ನಿಮ್ಮ ಮುಂದಿದೆ.

ಈಗ ಆ ಹುಡುಗರು ಕಲಿತುಕೊಂಡುದನ್ನು ಇತರರ ಉಪಯೋಗಕ್ಕಾಗಿ ಹೇಳೋಣ. ಮೊದಲು ಕೋಣೆಯ ವಿಚಾರ. ಬರಿಯ ಗೋಡೆಗಳ ಕೋಣೆಯಲ್ಲಿ ಧ್ವನಿ ಮಾರ್ದನಿಗೊಡುತ್ತದೆ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಗೋಡೆಗೆ ಒಂದೆರಡು ರಜಾಯಿ ಇದ್ದರೆ ಈ ದೋಷ ಬಹುಮಟ್ಟಿಗೆ ನಿಲ್ಲುತ್ತದೆ. ಫ್ಯಾನನ್ನು ಆರಿಸತಕ್ಕದ್ದು, ಸೆಕೆಯಾದರೆ ಅರ್ಧ ಗಂಟೆಗೊಮ್ಮೆ ಬಿಡುವು ಕೊಟ್ಟು ಗಾಳಿ ಹಾಕಿಕೊಳ್ಳಬಹುದು. ದಾಳದ ಪೆಟ್ಟು ಮೇಜಿನ ಮೂಲಕ ಮೈಕ್ರೋಫೋನಿಗೆ ಗುಡುಗಿನಂತೆ ಮುಟ್ಟುವುದರಿಂದ, ಬಟ್ಟೆ ಹಾಸಿದ ತಟ್ಟೆಯಲ್ಲಿ ದಾಳವನ್ನು ಉರುಳಿಸಬೇಕು. ಮೈಕ್ರೋಫೋನಿನ ಕೆಳಗೂ ಮಡಿಸಿದ ಟವಲನ್ನಿಡಬೇಕು.

ನಡುವೆ ಒಂದೇ ಮೈಕ್ರೋಫೋನ್ ಇಡುವುದಕ್ಕಿಂತ ಒಬ್ಬೊಬ್ಬರ ಧ್ವನಿಯನ್ನು ಬೇರೆಬೇರೆಯಾಗಿ ಹಿಡಿಯುವುದು ಮೇಲು. ಅದಕ್ಕಾಗಿ ಹಣ ಸುರಿಯಬೇಕಾದುದಿಲ್ಲ. ಪ್ರತಿಯೊಬ್ಬರೂ ತಮ್ಮ ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು ಮುದ್ರಿಸಿಕೊಳ್ಳಲಿ. ಆರಂಭದಲ್ಲಿ ಒಬ್ಬನು ಗಟ್ಟಿಯಾಗಿ ಒಂದು ಚಪ್ಪಾಳೆ ತಟ್ಟಲಿ. ಆ ಚಪ್ಪಾಳೆಯ ಗುರುತು ಎಲ್ಲ ಮುದ್ರಣಗಳಲ್ಲಿಯೂ ಇರುವುದರಿಂದ, ಆಮೇಲೆ ಕಂಪ್ಯೂಟರಿನಲ್ಲಿ ಅವನ್ನು ಸರಿಸಮನಾಗಿ ಜೋಡಿಸುವುದು ಸುಲಭ. ಜೋಡಿಸುವುದಕ್ಕೂ ಕತ್ತರಿಸುವುದಕ್ಕೂ ಆಡಾಸಿಟಿ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಕುಗ್ಗಿಸದೆ ಮುದ್ರಿಸಿದ ಒಬ್ಬರ ಒಂದು ಗಂಟೆಯ ಧ್ವನಿ, ಸಾಮಾನ್ಯ ಅಳತೆಯಲ್ಲಿ, ಸುಮಾರು ೩೧೮ ಎಂ.ಬಿ. ಜಾಗ ಹಿಡಿಯುತ್ತದೆ, ಅದನ್ನೇ ಎಂಪಿ೩ ರೂಪದಲ್ಲಿ ಸೆಕೆಂಡಿಗೆ ೬೪ ಕಿಲೋಬಿಟ್ಟಿಗೆ ಇಳಿಸಿದರೆ ೨೯ ಎಂ.ಬಿ. ಸಾಕು. ಮಾತಿನ ಕಾರ್ಯಕ್ರಮಕ್ಕೆ ಇಷ್ಟು ಧಾರಾಳ.

ಕೇಳುಗರಿಗೆ ಕಣ್ಣಿಲ್ಲವೆಂಬುದನ್ನು ಆಡುವವರು ನೆನಪಿಡಬೇಕು. ಬೆರಳು ತೋರಿಸಿ ಇಲ್ಲಿಗೆ ಹೋಗುವೆನೆಂದರೆ ಅವರಿಗೇನು ತಿಳಿದೀತು? ದಾಳದಲ್ಲಿ ಬಿದ್ದ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕು. ಮಾತನಾಡುವ ಮುನ್ನ ಪಾತ್ರದ ಹೆಸರನ್ನು ಆಗಾಗ ಎತ್ತಬೇಕು. ಪ್ರತಿ ಕಂತಿನ ಮೊದಲಲ್ಲಿ ಹಿಂದಿನ ಕತೆಯನ್ನು ಒಂದೆರಡು ನಿಮಿಷಗಳಲ್ಲಿ ಹೇಳಬೇಕು. ಮೂರು ಗಂಟೆಯ ಆಟದಲ್ಲಿ ತಿಂಡಿಯ ಮಾತು, ನಿಯಮದ ವಾಗ್ವಾದ, ಬಸ್ಸು ತಪ್ಪಿದ ಕತೆ ಎಲ್ಲವೂ ಸೇರಿರುತ್ತವೆ. ಅದನ್ನು ಸೋಸಿ ಒಂದು ಗಂಟೆಗೆ ಇಳಿಸುವುದು ನಮ್ಮ ಮಗನಿಗೆ ಒಂದು ವಾರದ ಸಂಜೆಗಳ ಕೆಲಸವಾಗುತ್ತದೆ. ಆದ್ದರಿಂದ ವಾರಕ್ಕೊಂದು ಕಂತೆಂದು ಮಾತು ಕೊಟ್ಟು ಓದನ್ನು ಕೆಡಿಸಿಕೊಳ್ಳುವುದಕ್ಕಿಂತ, ತಿಂಗಳಿಗೊಂದೆಂದು ಹೇಳಿ ನಡೆಯಿಸುವುದು ಜಾಣತನ.

ಪರರ ಸೊತ್ತಿನ ವಿಚಾರದಲ್ಲಿಯೂ ಎಚ್ಚರ ಬೇಕು. ಹಿನ್ನೆಲೆಗೆಂದು ಸಿನಿಮಾ ಹಾಡನ್ನು ಸೇರಿಸಬಾರದು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯದ ಕಾಯಿದೆಯಂತೆ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ ಅರುವತ್ತು ವರ್ಷಗಳ ರಕ್ಷಣೆಯುಂಟು. ಗುಂಪಿನಲ್ಲಿ ಕೊಳಲೋ ವೀಣೆಯೋ ಬಲ್ಲವರಿದ್ದರೆ ಅವರೇ ಒಂದು ಚಿಕ್ಕ ರಾಗ ನುಡಿಸಲಿ. ಡಂಜನ್ಸ್ ಅಂಡ್ ಡ್ರಾಗನ್ಸಿನ ಮೂಲನಿಯಮಗಳ ಒಂದು ಸಂಗ್ರಹವನ್ನು ೨೦೨೩ರ ಜನವರಿಯಲ್ಲಿ ಅದರ ಒಡೆಯರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದ್ದಾರೆ. ಮೂಲವನ್ನು ಹೆಸರಿಸಿದರೆ ಅದನ್ನು ಯಾರೂ ಬಳಸಬಹುದು. ಆದರೆ ಅಚ್ಚಾದ ಸಾಹಸದ ಪುಸ್ತಕಗಳನ್ನು ಪುಟಗಟ್ಟಲೆ ಓದಿ ಕೇಳಿಸುವುದು ಬೇರೆ ಮಾತು. ಕತೆ ನಿಮ್ಮದೇ ಆಗಿದ್ದರೆ ಈ ತೊಡಕೇ ಇಲ್ಲ.

ಇನ್ನು ಐವರೂ ಒಪ್ಪಿ ಬರೆದುಕೊಂಡ ನಿಯಮಗಳು. ಒಂದು: ಧ್ವನಿಮುದ್ರಣವಾದ ಎರಡು ವಾರಗಳೊಳಗೆ ಯಾವ ಕಂತೂ ಹೊರಬೀಳದು. ಎರಡು: ಸಿದ್ಧವಾದ ಕಂತನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಒಂಟಿಯಾಗಿ ಕೇಳಿ, ಸೂತ್ರಧಾರನಿಗೆ ಮಾತ್ರ ತಮ್ಮ ಒಪ್ಪಿಗೆ ತಿಳಿಸತಕ್ಕದ್ದು, ಎಲ್ಲರ ಎದುರಿಗೆ ಕೈಯೆತ್ತಿಸುವ ಪದ್ಧತಿ ಇಲ್ಲ. ಮೂರು: ತನ್ನ ಮಾತನ್ನು ತೆಗೆಯಿರೆಂದು ಯಾರು ಹೇಳಿದರೂ ತೆಗೆಯಬೇಕು, ಕಾರಣವನ್ನು ಕೇಳಕೂಡದು. ನಾಲ್ಕು: ಆಟದ ನಡುವೆ ಯಾರಾದರೂ ಅಂಗೈಯನ್ನು ಮೇಜಿನ ಮೇಲೆ ಮಗುಚಿಟ್ಟರೆ ಮುದ್ರಣವನ್ನು ನಿಲ್ಲಿಸಬೇಕು. ಐದು: ನಿಜವಾದ ಹೆಸರುಗಳನ್ನು ಎಲ್ಲಿಯೂ ಹೇಳಬಾರದು. ಆರನೆಯದನ್ನು ನಮಗಾಗಿ ಸೇರಿಸಿದ್ದಾರೆ: ಮನೆಯ ಹಿರಿಯರು ಕೇಳದೆ ಯಾರಿಗೂ ಕೊಂಡಿಯನ್ನು ಕಳುಹಿಸತಕ್ಕದ್ದಲ್ಲ. ಈ ಆರನೆಯ ನಿಯಮದ ಕೆಳಗೆ ನಾವು ರುಜು ಹಾಕಿದ್ದೇವೆ.

ಇಷ್ಟೆಲ್ಲ ಪಾಡು ಏತಕ್ಕೆ, ಆಟವನ್ನು ಆಟವಾಗಿಯೇ ಆಡಿಕೊಂಡಿದ್ದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದೇ ಏನು! ಹೊರಗೆ ಬಿಡದ ಆಟ ಕೀಳೆಂದು ಯಾರೂ ಭಾವಿಸಬೇಕಾದುದಿಲ್ಲ. ಆದರೆ ಈ ಕೆಲಸದಿಂದ ಆ ಮಕ್ಕಳಿಗೆ ಆದ ಪ್ರಯೋಜನವನ್ನೂ ನಾವು ಮರೆಮಾಚಲಾರೆವು. ತಮ್ಮ ಧ್ವನಿಯನ್ನು ತಾವೇ ಕೇಳಿದ ಮೇಲೆ ಒಬ್ಬರು ಮಾತನಾಡುವಾಗ ಮತ್ತೊಬ್ಬರು ಬಾಯಿಹಾಕುವ ಚಾಳಿ ಕಡಿಮೆಯಾಯಿತು. ಇಂಗ್ಲಿಷಿನ ಬೆರಕೆಯಿಲ್ಲದೆ ಒಂದು ಕಾಡನ್ನು, ಒಂದು ಸಂತೆಯನ್ನು ವರ್ಣಿಸಲು ಕನ್ನಡದಲ್ಲಿ ಪದಗಳನ್ನು ಹುಡುಕುವ ಅಭ್ಯಾಸ ಬೆಳೆಯಿತು. ಅಂಬಿಗರ ಮಾತಿನ ಪದಗಳನ್ನು ಕೇಳಿಕೊಳ್ಳಲು ಒಬ್ಬನು ತನ್ನ ಅಜ್ಜಿಯ ಊರಿಗೂ ಹೋಗಿಬಂದನು. ದೂರದ ಊರುಗಳಲ್ಲಿರುವ ಕೆಲವು ಕನ್ನಡಿಗರು ಅಡಿಗೆ ಮಾಡುತ್ತ ಇದನ್ನು ಕೇಳುತ್ತೇವೆಂದು ಬರೆದಿದ್ದಾರೆ.

ಈವರೆಗೆ ನಾಲ್ಕು ಕಂತುಗಳು ಹೊರಬಂದಿವೆ. ಐದನೆಯದು ಸಿದ್ಧವಾಗಿ ಎರಡು ವಾರಗಳ ಅವಧಿಯಲ್ಲಿ ಕಾಯುತ್ತಿದೆ. ಮೊನ್ನೆ ಭಾನುವಾರ ಕಾಫಿ ಕೊಡಲೆಂದು ಮಹಡಿಗೆ ಹೋದಾಗ ಮೈಕ್ರೋಫೋನಿನ ಮೇಲೆ ಟವಲು ಹೊದಿಸಿತ್ತು. ಮೇಜಿನ ಮೇಲೆ ಒಂದು ಅಂಗೈ ಮಗುಚಿತ್ತು. ಅಂಬಿಗನು ಏನನ್ನೋ ಮೆಲ್ಲಗೆ ಹೇಳುತ್ತಿದ್ದನು. ನಾಲ್ವರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ನಾವು ಲೋಟಗಳನ್ನು ಬಾಗಿಲ ಬಳಿಯಲ್ಲಿಟ್ಟು ಕೆಳಗಿಳಿದು ಬಂದೆವು. ಅವನು ಏನು ಹೇಳಿದನೆಂಬುದು ನಮಗೆ ಗೊತ್ತಿಲ್ಲ, ಕೇಳುವುದೂ ಇಲ್ಲ.